ಯಾರ ಷಡ್ಜ?

ಬೆಳಗಾವಿಯ ಅನಗೋಳದ ಒಂದು ಮನೆಯ ಮಹಡಿಯ ಮೇಲೆ ಸಂಜೆ ಹೊತ್ತು ಗಾಯನದ ಕ್ಲಾಸು ನಡೆಯುತ್ತದೆ ಎಂದುಕೊಳ್ಳಿ. ಮರಾಠಿ ಮನೆಯವರು ಅದನ್ನು ಶಿಕವಣಿ ಎನ್ನುತ್ತಾರೆ, ಕನ್ನಡದವರು ಹಾಡಿನ ಕ್ಲಾಸು ಎನ್ನುತ್ತಾರೆ. ಒಳಗೆ ನಡೆಯುವ ಸರಿಗಮ ಒಂದೇ. ಮಗಳನ್ನು ಕರೆತಂದ ತಾಯಿ ಮೊದಲು ಕೇಳುವುದು ಫೀ ಎಷ್ಟು ಎಂದು, ಆಮೇಲೆ ಪರೀಕ್ಷೆಗೆ ಯಾವಾಗ ಕೂರಿಸುತ್ತೀರಿ ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಆ ಹುಡುಗಿಯ ಗಂಟಲಿನ ಮುಂದಿನ ಇಪ್ಪತ್ತು ವರ್ಷ ನಿಂತಿರುವುದು ಮೂರನೆಯ ಪ್ರಶ್ನೆಯ ಮೇಲೆ. ಅದನ್ನು ತಾಯಿ ಕೇಳುವುದಿಲ್ಲ, ಕಲಿಸುವವರು ತಮ್ಮೊಳಗೇ ಕೇಳಿಕೊಳ್ಳಬೇಕು: ಇವಳ ಷಡ್ಜ ಎಲ್ಲಿದೆ? ನಮ್ಮ ಸಂಗೀತದಲ್ಲಿ ಷಡ್ಜಕ್ಕೆ, ಅಂದರೆ ಆಧಾರದ 'ಸ' ಸ್ವರಕ್ಕೆ, ಕಾಯಂ ವಿಳಾಸವಿಲ್ಲ. ಪೇಟಿಯ, ಅಂದರೆ ಹಾರ್ಮೋನಿಯಂನ, ಯಾವ ಮನೆಯಲ್ಲಿ ಬೇಕಾದರೂ ಅದನ್ನು ಇಡಬಹುದು. ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಎಂದು ಎಣಿಸಿ, ಈ ಕಡೆಯವರು 'ಪಟ್ಟಿ' ಎಂದು ಕರೆಯುವ ಆ ಜಾಗವನ್ನು ಗೊತ್ತುಮಾಡುತ್ತಾರೆ. ಬೆಳಗಾವಿ ಸೀಮೆಯಲ್ಲಿ ಹಾಡು ಕಲಿಸುವ ಪದ್ಧತಿ ಕಳೆದ ನೂರೈವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ಘರಾಣೆಗಳ ಲೆಕ್ಕದಲ್ಲಿ ಹೇಳುವುದು ವಾಡಿಕೆ. ನನಗನಿಸುವಂತೆ ಅದನ್ನು ಇನ್ನೊಂದು ಲೆಕ್ಕದಲ್ಲಿ ಹೇಳಿದರೆ ಹೆಚ್ಚು ಅರ್ಥವಾಗುತ್ತದೆ: ಹಾಡುವವರ ಷಡ್ಜವನ್ನು ಯಾವ ಯಾವ ಕಾಲದಲ್ಲಿ ಯಾರು ಯಾರು ನಿಶ್ಚಯಿಸಿದರು? ಹಾಡುವವರ ಕಂಠವನ್ನೇ ಕೇಳಿ ನಿಶ್ಚಯಿಸಿದಲ್ಲಿ ಗಂಟಲು ಉಳಿಯಿತು. ಬೇರೆ ಯಾರೋ ಯಾವುದೋ ಅನುಕೂಲಕ್ಕೆ ನಿಶ್ಚಯಿಸಿದಲ್ಲಿ ಬಹಳಷ್ಟು ಗಂಟಲು ಹೋದವು.

ಇದು ಭಾವನೆಯ ಮಾತಲ್ಲ, ಎಣಿಕೆಗೆ ಸಿಗುವ ಮಾತು. ಕರಿ ಒಂದರಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜದಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 139 ಸಲ ಕೂಡಿ ಬಿಡುತ್ತವೆ, ತಾರ ಷಡ್ಜಕ್ಕೆ ಹೋದರೆ ಅದರ ಎರಡರಷ್ಟು. ಕರಿ ನಾಲ್ಕರಲ್ಲಿ ಹಾಡುವ ಹೆಣ್ಣುಮಗಳ ತಾರ ಷಡ್ಜ ಸೆಕೆಂಡಿಗೆ ಸುಮಾರು 415. ಅವಳನ್ನು ಒಂದೇ ಒಂದು ಕರಿ ಮನೆ ಮೇಲಕ್ಕೆ, ಕರಿ ಐದಕ್ಕೆ ಕೂರಿಸಿದಿರಿ ಎನ್ನಿ. ಅದೇ ತಾರ ಷಡ್ಜ 466 ಆಗುತ್ತದೆ. ಸೆಕೆಂಡಿಗೆ ಐವತ್ತು ಬಡಿತ ಹೆಚ್ಚು, ಅದೂ ಬಿಗಿದು ಹಿಡಿದ ತಂತುಗಳ ಮೇಲೆ. ಒಂದು ಸಂಜೆಗೆ ಏನೂ ಆಗುವುದಿಲ್ಲ. ದಿನಕ್ಕೊಂದು ಗಂಟೆಯಂತೆ ಎರಡು ವರ್ಷ ನಡೆದರೆ ತಂತುಗಳ ಅಂಚಿನಲ್ಲಿ ಗಂಟು ಕಟ್ಟಲು ಅಷ್ಟು ಸಾಕಾದೀತು. ಮೊದಲು ಬೆಳಿಗ್ಗೆ ಗಂಟಲು ಕೂತಿರುತ್ತದೆ, ಆಮೇಲೆ ಸಂಜೆಯೂ ಏಳುವುದಿಲ್ಲ. ಇದನ್ನು ಮೊದಲು ಕಾಣುವುದು ಕಿವಿಯಲ್ಲ, ಕಣ್ಣು. ಮೂರಡಿ ದೂರದಲ್ಲಿ ಎದುರು ಕೂತ ಮಾಸ್ತರಿಗೆ ಹುಡುಗಿಯ ಗದ್ದ ಮುಂದಕ್ಕೆ ಚಾಚಿದ್ದು, ಪಂಚಮ ದಾಟುತ್ತಲೇ ಹುಬ್ಬು ಮೇಲೇರಿದ್ದು, ಕತ್ತಿನ ಪಕ್ಕದ ನರ ಹಗ್ಗದ ಹಾಗೆ ಎದ್ದದ್ದು, ಉಸಿರು ಎಳೆದಾಗ ಹೊಟ್ಟೆಯ ಬದಲು ಭುಜ ಎದ್ದದ್ದು ಕಾಣುತ್ತದೆ. ಮೂವತ್ತು ಮಕ್ಕಳ ಮುಂದೆ ನಿಂತವರಿಗೆ ಇದು ಕಾಣುವುದಿಲ್ಲ. 'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎನ್ನುತ್ತೇವೆ. ಹಾಡ್ತಾ ಹಾಡ್ತಾ ರೋಗವೂ ಬರುತ್ತದೆ ಎಂಬುದು ಆ ಗಾದೆ ಬಿಟ್ಟ ಪಾಲು.

ಗಂಟಲಿನ ಈ ವಿಚಾರ ಪಶ್ಚಿಮದಿಂದ ಬಂದದ್ದು, ನಮ್ಮಲ್ಲಿ ಬರೀ ಗುರುಭಕ್ತಿ ಇತ್ತು ಎಂದು ಹೇಳುವವರಿದ್ದಾರೆ. ಆದರೆ 13ನೆಯ ಶತಮಾನದಲ್ಲೇ ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನದಲ್ಲಿ ಕರಣಿಕನಾಗಿದ್ದ ಶಾರ್ಙ್ಗದೇವ 'ಸಂಗೀತರತ್ನಾಕರ' ಬರೆದ. ಸೌಂದತ್ತಿಯ ರಟ್ಟರ ಕೈಯಿಂದ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ಸೇವುಣರ ಕೈಸೇರಿದ್ದೂ ಅದೇ ಸಿಂಘಣನ ಕಾಲದಲ್ಲಿ. ಹಾಗಾಗಿ ಆ ಗ್ರಂಥವನ್ನು ನಮ್ಮ ಸೀಮೆಯದೇ ದಾಖಲೆ ಎಂದು ಓದುವುದು ತೀರಾ ಅತಿಯಾಗದು. ಅದರ ಪ್ರಕೀರ್ಣಕ ಅಧ್ಯಾಯದಲ್ಲಿ ಗಾಯಕನ 25 ದೋಷಗಳ ಪಟ್ಟಿ ಇದೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಬಾಯಿ ವಿಕಾರವಾಗಿ ತೆರೆಯುವವನು ಕರಾಲಿ, ಒಂಟೆಯಂತೆ ಕತ್ತೆತ್ತುವವನು ಕರಭ, ಮುಖ ಮತ್ತು ಕತ್ತಿನ ನರ ಉಬ್ಬಿಸುವವನು ಝೋಂಬಕ, ಸೋರೆಬುರುಡೆಯ ಹಾಗೆ ಕೆನ್ನೆ ಊದಿಸುವವನು ತುಂಬಕಿ. ಇವು ನೋಡುಗರ ಕಣ್ಣಿಗೆ ಅಂದಗೆಟ್ಟ ಲಕ್ಷಣಗಳು, ಆರೋಗ್ಯದ ಮಾತಲ್ಲ ಎನ್ನಬಹುದು. ಶಾರ್ಙ್ಗದೇವ ವೈದ್ಯಕೀಯ ಬರೆಯುತ್ತಿರಲಿಲ್ಲ, ನಿಜ. ಆದರೆ ದವಡೆ, ಕತ್ತು, ಕೆನ್ನೆ, ನರ ಎಂದು ಅವನು ಬೊಟ್ಟು ಮಾಡಿದ ಜಾಗಗಳನ್ನೇ ಇಂದಿನ ಧ್ವನಿ ಚಿಕಿತ್ಸಕರೂ ಮೊದಲು ಮುಟ್ಟಿ ನೋಡುತ್ತಾರೆ. ಇನ್ನೊಂದು ಕಡೆ ಅವನು ಶಬ್ದವನ್ನು ಕಫ, ಪಿತ್ತ, ವಾತಗಳಿಗೆ ಹೊಂದಿಸಿ ಖಾಹುಲ, ನಾರಾಟ, ಬೊಂಬಕ, ಮಿಶ್ರಕ ಎಂದು ನಾಲ್ಕು ಬಗೆ ಮಾಡುತ್ತಾನೆ. ಆ ಶರೀರಶಾಸ್ತ್ರ ಇಂದು ನಿಲ್ಲುವುದಿಲ್ಲ. ಅದರ ಹಿಂದಿನ ತಿಳಿವಳಿಕೆ ಮಾತ್ರ ನಿಲ್ಲುತ್ತದೆ: ಎಲ್ಲರ ಧ್ವನಿಯೂ ಒಂದೇ ಜಾತಿಯದಲ್ಲ, ಆದ್ದರಿಂದ ಎಲ್ಲರಿಗೂ ಒಂದೇ ಪಾಠವಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎರಡು ಸಂಗತಿ ಒಟ್ಟಿಗೆ ಕೂಡಿಬಂದವು: ರೈಲು ಮತ್ತು ನಾಟಕ. ಸದರ್ನ್ ಮರಾಠಾ ರೈಲ್ವೆಯ ದಾರಿ 1880ರ ದಶಕದ ಕೊನೆಯಲ್ಲಿ ಮೀರಜ್, ಬೆಳಗಾವಿ, ಖಾನಾಪುರ, ಲೋಂಡಾ, ಧಾರವಾಡ, ಹುಬ್ಬಳ್ಳಿಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಅನಗೋಳದವರು ಮೂರನೇ ರೈಲ್ವೆ ಗೇಟಿನ ಬಳಿ ಗಾಡಿ ನಿಲ್ಲಿಸಿಕೊಂಡು ಬೈದುಕೊಳ್ಳುತ್ತಿದ್ದ ಇದೇ ಹಳಿಯ ಮೇಲೆ ಹಿಂದುಸ್ತಾನಿ ಸಂಗೀತ ದಕ್ಷಿಣಕ್ಕೆ ಇಳಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮೀರಜಿನಲ್ಲಿ ನೆಲೆ ನಿಂತ ಅಬ್ದುಲ್ ಕರೀಂ ಖಾನರು ಈ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿದರು. ಕೊನೆಗೆ 1937ರಲ್ಲಿ ತೀರಿಕೊಂಡದ್ದೂ ತಮಿಳು ಸೀಮೆಯ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲೇ. ನಾಟಕದ ಕಡೆಗೆ ಬಂದರೆ, ಮರಾಠಿ ಸಂಗೀತ ನಾಟಕದ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ಮೇಲೆ ಹಾಡದವನು ನಟನೇ ಅಲ್ಲ ಎಂಬಂತಾಯಿತು. ಲಲಿತಕಲಾದರ್ಶ ಮಂಡಳಿಯನ್ನು ಕೇಶವರಾವ್ ಭೋಸಲೆಯವರು 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಕನ್ನಡದ ಕಂಪನಿಗಳೂ ಇದೇ ರೂಢಿ ಹಿಡಿದವು. ಸೌಂದತ್ತಿ ಸೀಮೆಯ ಏಣಗಿ ಬಾಳಪ್ಪನವರವರೆಗೆ ಆ ಸಾಲು ಬರುತ್ತದೆ. ಈಗ ಷಡ್ಜ ಯಾರ ಕೈಗೆ ಹೋಯಿತು ನೋಡಿ. ಮೈಕು ಇಲ್ಲದ ತಗಡಿನ ಥಿಯೇಟರು, ಕೊನೆಯ ಸಾಲಿನಲ್ಲಿ ನಾಲ್ಕಾಣೆ ಕೊಟ್ಟು ಕೂತ ಪ್ರೇಕ್ಷಕ, ರಂಗದ ಮುಂದೆ ಭೋರ್ಗರೆಯುವ ಕಾಲು ಹಾರ್ಮೋನಿಯಂ. ಎತ್ತರದ ಧ್ವನಿ ದೂರಕ್ಕೆ ಮುಟ್ಟುತ್ತದೆ, ತಗ್ಗಿನದು ತಗಡಿನಲ್ಲಿ ಕರಗುತ್ತದೆ. ಹೀಗೆ ನಾಟಕದಲ್ಲಿ ಷಡ್ಜ ನಿಶ್ಚಯಿಸಿದವನು ಕೊನೆಯ ಸಾಲಿನ ಪ್ರೇಕ್ಷಕ. ಅವನಿಗಾಗಿ ಸ್ತ್ರೀಪಾತ್ರದ ಹುಡುಗರು ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲೂ ಏರುದನಿಯಲ್ಲೇ ಹಾಡಬೇಕಿತ್ತು. ಗಂಟಲಿನ ಗೂಡೇ ಬೆಳೆದು ಧ್ವನಿ ಒಂದು ಸಪ್ತಕದಷ್ಟು ಕೆಳಗಿಳಿಯುವ ವಯಸ್ಸು ಅದು. ಧ್ವನಿ ಒಡೆದ ಹುಡುಗನಿಗೆ ಕಂಪನಿಯಲ್ಲಿ ಉಳಿಯುತ್ತಿದ್ದ ಕೆಲಸ ಪರದೆ ಎಳೆಯುವುದು.

ಒಡೆದ ಧ್ವನಿಯನ್ನು ಮತ್ತೆ ಕಟ್ಟುವ ವಿದ್ಯೆ ಬೆಳೆದದ್ದು ನಾಟಕದ ಹಿಂದಿನ ಕೋಣೆಯಲ್ಲಿ, ಒಬ್ಬ ಗುರು ಒಬ್ಬ ಶಿಷ್ಯನ ತಾಲೀಮಿನಲ್ಲಿ. ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. 1886ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಜೇನಿನಂಥ ಕಂಠವಿತ್ತು, ಹರೆಯದಲ್ಲಿ ಅದು ಒಡೆದು ಹೇಳಿದ ಮಾತು ಕೇಳದ ಗಡಸು ದನಿಯಾಯಿತು. ಅಬ್ದುಲ್ ಕರೀಂ ಖಾನರು ಅವರನ್ನು ಶಿಷ್ಯನಾಗಿ ಒಪ್ಪಿಕೊಂಡಾಗ ಹಾಕಿದ ಕರಾರು ಎಂಟು ವರ್ಷದ್ದು. ಎಂಟು ವರ್ಷ ಏಕೆ ಬೇಕು? ಚೀಜುಗಳನ್ನು, ಅಂದರೆ ಕಟ್ಟಿದ ಹಾಡುಗಳನ್ನು, ಕಲಿಯಲು ಅಷ್ಟು ಬೇಡ. ಜಾಣ ಹುಡುಗನೊಬ್ಬ ಎರಡು ವರ್ಷದಲ್ಲಿ ನೂರು ಚೀಜು ಬಾಯಿಪಾಠ ಮಾಡಬಲ್ಲ. ಎಂಟು ವರ್ಷ ಬೇಕಾದದ್ದು ಕಂಠವನ್ನು ಕಟ್ಟಲು. ಸ್ವರದ ಮೇಲೆ ನಿಲ್ಲುವುದು, ನಿಂತ ಸ್ವರಕ್ಕೆ ಮುಂದಿನದನ್ನು ನಿಧಾನ ಅಂಟಿಸುವುದು, ಧ್ವನಿಯನ್ನು ಒತ್ತದೆ ತಂಬೂರಿಯೊಳಗೆ ಬಿಡುವುದು. ಖಾನರ ಕಿರಾಣಾ ಘರಾಣೆಯ ಗಾಯಕಿಯ ಸೌಂದರ್ಯ ಎಂದು ನಾವು ಹೊಗಳುವ ಆ ನಿಧಾನಗತಿಯ ಆಲಾಪ ಒಂದು ದೃಷ್ಟಿಯಲ್ಲಿ ಗಂಟಲಿನ ಪಥ್ಯವೂ ಹೌದು. ಸವಾಯಿ ಗಂಧರ್ವರ ಧ್ವನಿ ಕೊನೆಯವರೆಗೂ ಮೊದಮೊದಲು ಸ್ವಲ್ಪ ಹೊತ್ತು ಹಟ ಮಾಡಿಯೇ ಆಮೇಲೆ ಬಿಚ್ಚಿಕೊಳ್ಳುತ್ತಿತ್ತು ಎಂದು ಕೇಳಿದವರೆಲ್ಲ ಹೇಳಿದ್ದಾರೆ. ಅಂಥವರು ಗುರುವಾದಾಗ ಏನು ಮಾಡಿದರು? 1930ರ ದಶಕದಲ್ಲಿ ಗದಗಿನ ಹುಡುಗ ಭೀಮಸೇನ ಕುಂದಗೋಳಕ್ಕೆ ಬಂದಾಗ ಬಹಳ ಕಾಲ ನೀರು ಹೊರಿಸಿದರು, ಮನೆಗೆಲಸ ಮಾಡಿಸಿದರು, ಪಾಠ ಹೇಳಲಿಲ್ಲ. ಇದನ್ನು ಗುರುಸೇವೆಯ ಪರೀಕ್ಷೆ ಎಂದು ಕಥೆ ಕಟ್ಟುತ್ತೇವೆ. ನಾನು ಹುಡುಗನ ವಯಸ್ಸನ್ನೂ ನೋಡುತ್ತೇನೆ: 1922ರಲ್ಲಿ ಹುಟ್ಟಿದವನಿಗೆ ಆಗ ಹದಿನಾಲ್ಕರ ಆಸುಪಾಸು. ತನ್ನ ಕಂಠ ಆ ವಯಸ್ಸಿನಲ್ಲೇ ಒಡೆದದ್ದನ್ನು ಮರೆಯದ ಗುರು, ಶಿಷ್ಯನ ಗಂಟಲು ತಾನಾಗಿ ಕೂರಲಿ ಎಂದು ಕಾದಿರಬಹುದು. ಇದು ನನ್ನ ಊಹೆ. ಆದರೆ ಮುಂದಿನ ಪಾಠದ ರೀತಿ ಆ ಊಹೆಗೆ ಒತ್ತು ಕೊಡುತ್ತದೆ: ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ, ಇಷ್ಟರ ಮೇಲೇ ದೀರ್ಘಕಾಲದ ರಿಯಾಜು. ರಾಗಗಳ ಸಂಖ್ಯೆ ಹೆಚ್ಚಿಸುವ ಅವಸರ ಅಲ್ಲಿರಲಿಲ್ಲ.

ಅದೇ ಗುರುವಿನ ಬಳಿ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು, ಪಾಠ ಮುಗಿಸಿ, ರಾತ್ರಿಯ ಗಾಡಿಗೆ ಹಿಂತಿರುಗುತ್ತಿದ್ದ ಗಂಗೂಬಾಯಿ ಹಾನಗಲ್ಲರದು ಇನ್ನೂ ತೀಕ್ಷ್ಣವಾದ ಉದಾಹರಣೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. 1930ರ ದಶಕದ ಆರಂಭದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಟಾನ್ಸಿಲ್ ಚಿಕಿತ್ಸೆಯ ತರುವಾಯ ಧ್ವನಿ ದಪ್ಪವಾಗಿ ಕೆಳಗಿಳಿಯಿತು. ಗಂಡುದನಿ ಎಂದೇ ಜನ ಕರೆದರು. ಮಧುರ, ಕೋಮಲ ಎಂಬ ಮಾತುಗಳಲ್ಲೇ ಗಾಯಕಿಯನ್ನು ಅಳೆಯುತ್ತಿದ್ದ ಕಾಲದಲ್ಲಿ ಆ ಕಂಠವನ್ನು ಹಳೆಯ ಪಟ್ಟಿಗೇ ಎಳೆದು ಹಾಡಿಸುವುದು ಸುಲಭದ ಆಸೆಯಾಗಿತ್ತು. ಗಂಗೂಬಾಯಿ ಹಾಗೆ ಮಾಡಲಿಲ್ಲ. ಧ್ವನಿ ಎಲ್ಲಿಗೆ ಇಳಿದಿತ್ತೋ ಅಲ್ಲೇ ಷಡ್ಜ ಹಚ್ಚಿದರು, ಆ ತಗ್ಗಿನಲ್ಲೇ ಮಂದ್ರವನ್ನು ಗಟ್ಟಿ ಮಾಡಿಕೊಂಡರು, 2009ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷಗಳ ಹಿಂದಿನವರೆಗೂ ವೇದಿಕೆಯ ಮೇಲೆ ಹಾಡಿದರು. ಅವರ ಕಲಿಕೆಯ ರೀತಿಯೂ ಇಲ್ಲಿ ಮುಖ್ಯ. ಗುರು ಒಂದು ಸ್ವರಸಂಚಾರ ಹೇಳುತ್ತಿದ್ದರು. ಅದೊಂದನ್ನೇ ಬೇಸರ ಬರುವಷ್ಟು ಸಲ ತಿರುಗಿ ಹಾಡಿಸುತ್ತಿದ್ದರು. ಹೊಸದನ್ನು ಕೊಡುವ ಮೊದಲು ಹಳೆಯದು ಗಂಟಲಿಗೆ ಒಗ್ಗಿದೆಯೇ ಎಂದು ನೋಡುವ ಕ್ರಮ ಇದು. ಮೈಕಿಗೂ ಒಂದು ಮಾತು ಸಲ್ಲಬೇಕು: ಧ್ವನಿವರ್ಧಕ ಬಾರದೆ ಹೋಗಿದ್ದರೆ ಅಷ್ಟು ತಗ್ಗಿನ ಪಟ್ಟಿ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ನಾಟಕದ ಪ್ರೇಕ್ಷಕನ ಕೈಯಲ್ಲಿದ್ದ ಷಡ್ಜವನ್ನು ಮೈಕು ಬಿಡಿಸಿತು, ಗುರುವಿನ ಕೋಣೆ ಅದನ್ನು ಗಾಯಕಿಗೆ ಕೊಟ್ಟಿತು.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ನಾಡು ಕುಮಾರ ಗಂಧರ್ವ ಎಂದು ಕರೆದವರು, ಇದೇ ವಾದವನ್ನು ಉಸಿರಿನ ಮಟ್ಟಕ್ಕೆ ಒಯ್ದರು. ಬಾಲಪ್ರತಿಭೆಯಾಗಿ ದೊಡ್ಡ ಉಸ್ತಾದರ ತಟ್ಟೆಗಳನ್ನು ಯಥಾವತ್ ಒಪ್ಪಿಸುತ್ತಿದ್ದ ಹುಡುಗನನ್ನು ಮುಂಬೈಯ ಬಿ.ಆರ್. ದೇವಧರರ ಶಾಲೆಗೆ ಸೇರಿಸಲಾಯಿತು. 1947ರ ಹೊತ್ತಿಗೆ ಕ್ಷಯ ತಗುಲಿ, ದೇವಾಸದಲ್ಲಿ ಐದಾರು ವರ್ಷ ಹಾಡಿಲ್ಲದೆ ಮಲಗಿ, ಹೊಸದಾಗಿ ಬಂದ ಸ್ಟ್ರೆಪ್ಟೋಮೈಸಿನ್‌ನಿಂದ ಎದ್ದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಉದ್ದುದ್ದ ತಾನುಗಳ ಹಳೆಯ ಗಾಯನವನ್ನು ಉಳಿದ ಒಂದರಲ್ಲೇ ಎಳೆದಾಡಿದ್ದರೆ ಅವರು ಬಹುಬೇಗ ಮುಗಿದುಹೋಗುತ್ತಿದ್ದರು. ಬದಲಿಗೆ ಚಿಕ್ಕ ಚಿಕ್ಕ ತುಣುಕುಗಳು, ನಡುನಡುವೆ ಮೌನ, ಥಟ್ಟನೆ ಮಿಂಚಿ ಮರೆಯಾಗುವ ತಾರಸ್ವರ ಬಂದವು. ಮೆಚ್ಚದವರು ಅದನ್ನು ಘರಾಣೆ ಬಿಟ್ಟ ಹಾಡು ಎಂದರು. ಹಾಡುವವನ ಶರೀರವನ್ನೇ ಪ್ರಮಾಣ ಮಾಡಿಕೊಂಡ ಗಾಯಕಿ ಅದು.

ಇಷ್ಟು ಹೇಳಿದ ಮೇಲೆ ಗುರುವಿನ ಕೋಣೆಯನ್ನು ದೇವರ ಕೋಣೆ ಮಾಡಿದಂತಾಗುತ್ತದೆ, ಅದು ಸಲ್ಲದು. ಆ ಕೋಣೆಯಲ್ಲೂ, ಅದನ್ನು ಸಾಕಿದ ದರಬಾರಿನಲ್ಲೂ ಗಂಟಲು ಹಾಳಾಗಿವೆ. ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯದಲ್ಲಿದ್ದ ಅಲ್ಲಾದಿಯಾ ಖಾನರು ಅದಕ್ಕೂ ಮೊದಲು ಉತ್ತರದ ಒಂದು ಸಂಸ್ಥಾನದಲ್ಲಿ ದಿನವೂ ವಿಶ್ರಾಂತಿಯಿಲ್ಲದೆ ಹಾಡಬೇಕಾಗಿ ಬಂದು ಕಂಠ ಕಳೆದುಕೊಂಡರು. ಮರಳಿ ಬಂದ ಗಡಸು ಧ್ವನಿಗೆ ತಕ್ಕಂತೆ ಬೇರೆ ಗಾಯಕಿಯನ್ನೇ ರೂಪಿಸಿಕೊಂಡರು. ದಿನಕ್ಕೆ ಹನ್ನೆರಡು ಗಂಟೆ ರಿಯಾಜು, ರಕ್ತ ಕಾರುವವರೆಗೆ ತಾನ್ ಎಂಬ ಕಥೆಗಳನ್ನು ಹೆಮ್ಮೆಯಿಂದ ಹೇಳುವವರು ಆ ದಾರಿಯಲ್ಲಿ ಉದುರಿಹೋದವರ ಲೆಕ್ಕ ಹೇಳುವುದಿಲ್ಲ. ನಮಗೆ ಸಿಕ್ಕಿರುವುದು ಉಳಿದವರ ಆತ್ಮಕಥೆಗಳು ಮಾತ್ರ. ಇನ್ನು ಕೆಲವರು ಮಲ್ಲಿಕಾರ್ಜುನ ಮನ್ಸೂರರ ಬೀಡಿಯನ್ನು ತೋರಿಸುತ್ತಾರೆ: ಬೀಡಿ ಸೇದುತ್ತಲೇ ಎಂಬತ್ತರವರೆಗೆ ಹಾಡಿದರಲ್ಲ, ನಿಮ್ಮ ಆರೋಗ್ಯದ ಮಾತೇನು? ಮನ್ಸೂರರ ಗಾಯನ ಬೀಡಿಯಿಂದ ಆದದ್ದಲ್ಲ, ಬೀಡಿಯ ಹೊರತಾಗಿಯೂ ಆದದ್ದು. ಅವರನ್ನು ಕೊನೆಗೆ ಒಯ್ದದ್ದೂ ಪುಪ್ಪುಸದ ಕಾಯಿಲೆಯೇ. ಅಪವಾದವನ್ನು ಪಾಠ ಮಾಡಿಕೊಳ್ಳಬಾರದು. ನನ್ನ ವಾದ ಇಷ್ಟೇ: ಗುರುವಿನ ಕೋಣೆ ಗಂಟಲಿಗೆ ಖಾತ್ರಿ ಕೊಟ್ಟ ಜಾಗವಲ್ಲ, ಆದರೆ ಗಂಟಲನ್ನು ಕೇಳುವ ಪುರಸೊತ್ತು ಇದ್ದ ಜಾಗ.

ಆ ಪುರಸೊತ್ತನ್ನು ಕಡಿಮೆ ಮಾಡಿದ್ದು ಒಂದು ಒಳ್ಳೆಯ ಕೆಲಸ. ಅದೇ ಈ ಇತಿಹಾಸದ ತೊಡಕು. ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು ಸಂಗೀತವನ್ನು ತರಗತಿ, ಪುಸ್ತಕ, ಸ್ವರಲಿಪಿ, ಪರೀಕ್ಷೆಗಳಿಗೆ ಒಗ್ಗಿಸಿದರು. ಅವರ ಶಿಷ್ಯವರ್ಗ 1931ರಲ್ಲಿ ಕಟ್ಟಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳಿಗೆ ಬೆಳಗಾವಿಯ ಮಕ್ಕಳು ಇಂದಿಗೂ ಕೂರುತ್ತಾರೆ; ಇನ್ನು ಕೆಲವರು ಕರ್ನಾಟಕ ಸರಕಾರದ ಜೂನಿಯರ್, ಸೀನಿಯರ್, ವಿದ್ವತ್ ದಾರಿ ಹಿಡಿಯುತ್ತಾರೆ. ತರಗತಿ ಬಂದೊಡನೆ ತಂಬೂರಿಯ ಜಾಗಕ್ಕೆ ಪೇಟಿ ಬಂತು, ಏಕೆಂದರೆ ಮೂವತ್ತು ಮಕ್ಕಳನ್ನು ಒಟ್ಟಿಗೆ ಎಳೆದೊಯ್ಯಲು ಗಟ್ಟಿಯಾದ ಸ್ವರ ಬೇಕು. ಪೇಟಿಯ ಮೇಲಿನ ಸಿಟ್ಟು ಹಳೆಯದು. ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿ ಮೂರು ದಶಕ ಹೊರಗಿಟ್ಟಿತು; ಕಾರಣ ಶ್ರುತಿಯ ಸೂಕ್ಷ್ಮ, ಮೀಂಡ ಬಾರದಿರುವುದು. ಗಂಟಲಿನ ದೃಷ್ಟಿಯಿಂದ ಪೇಟಿಯ ತಪ್ಪು ಅದಲ್ಲ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ನಡೆಸಿದ, 2010ರಲ್ಲಿ ತೀರಿಕೊಂಡ ರಾಮಭಾವು ವಿಜಾಪುರೆಯವರಂಥ ಪೇಟಿ ಮಾಸ್ತರರು ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟವರು. ಸಾಥಿಯ ಕೆಲಸವೇ ಎದುರಿನ ಕಂಠ ಎಲ್ಲಿದೆಯೋ ಅಲ್ಲಿಗೆ ತನ್ನ ಬೆರಳು ಒಯ್ಯುವುದು. ಅದೇ ವಾದ್ಯ ತರಗತಿಯಲ್ಲಿ ತಿರುಗಿ ಕೂತಿತು: ಬೆರಳು ಒಂದು ಮನೆಯಲ್ಲಿ ಗಟ್ಟಿಯಾಗಿ ನಿಂತಿತು, ಮೂವತ್ತು ಕಂಠ ಅಲ್ಲಿಗೆ ಬರಬೇಕಾಯಿತು. ಹತ್ತು ವರ್ಷದ ಹುಡುಗ, ಹದಿನೈದರ ಹುಡುಗ, ಹನ್ನೆರಡರ ಹುಡುಗಿ, ಎಲ್ಲರಿಗೂ ಒಂದೇ ಕರಿ ಮನೆ. ಪರೀಕ್ಷೆಯ ಪಠ್ಯದಲ್ಲಿ ಎಷ್ಟು ರಾಗ, ಎಷ್ಟು ತಾಳ, ಎಷ್ಟು ತಾನ್ ಎಂದು ಇರುತ್ತದೆ. ಈ ಕಂಠ ಮೂರು ವರ್ಷದಲ್ಲಿ ಸುಧಾರಿಸಿತೇ, ಸವೆಯಿತೇ ಎಂಬ ಕಾಲಮ್ಮು ಇಲ್ಲ.

ಇಲ್ಲಿ ಬರುವ ಆಕ್ಷೇಪ ಗಟ್ಟಿಯಾದದ್ದು, ಅದನ್ನು 'ಆದರೂ' ಎಂದು ತಳ್ಳಿಹಾಕುವಂತಿಲ್ಲ. ಗುರುವಿನ ಕೋಣೆಯ ಬಾಗಿಲು ಯಾರಿಗೆ ತೆರೆದಿತ್ತು? ಮನೆಯಲ್ಲಿ ವರ್ಷಗಟ್ಟಲೆ ಉಳಿಯಬಲ್ಲ ಗಂಡುಮಕ್ಕಳಿಗೆ, ಉಸ್ತಾದರ ರಕ್ತಸಂಬಂಧಿಗಳಿಗೆ, ಸಂಸ್ಥಾನಿಕರು ಹೇಳಿಕಳಿಸಿದವರಿಗೆ. ಕಲಾವಂತ ಮನೆತನದ ಗಂಗೂಬಾಯಿ ರೈಲಿನಲ್ಲಿ ಹೋಗಿಬರುವಾಗ ಎಷ್ಟು ಮೂದಲಿಕೆ ತಿನ್ನಬೇಕಾಯಿತು ಎಂಬುದು ಅವರ ಆತ್ಮಕಥೆ 'ನನ್ನ ಬದುಕಿನ ಹಾಡು' ಓದಿದವರಿಗೆ ಗೊತ್ತು. ಉಳಿದ ಮನೆತನದ ಹೆಣ್ಣುಮಕ್ಕಳಿಗೆ ಅಷ್ಟು ದಾರಿಯೂ ಇರಲಿಲ್ಲ. ಪಲುಸ್ಕರರ ಮಾದರಿ ಬಂದಿರದಿದ್ದರೆ ಇಂದು ಅನಗೋಳದ ಆ ತಾಯಿ ಮಗಳ ಕೈಹಿಡಿದು ಮಹಡಿ ಹತ್ತುತ್ತಲೇ ಇರಲಿಲ್ಲ. ಹತ್ತು ಗಂಟಲು ಉಳಿಸಿ ಸಾವಿರ ಗಂಟಲನ್ನು ಹೊರಗೆ ನಿಲ್ಲಿಸಿದ ಪದ್ಧತಿಗಿಂತ, ಸಾವಿರ ಜನರಿಗೆ ಬಾಗಿಲು ತೆರೆದು ಕೆಲವು ಗಂಟಲು ಕೆಡಿಸಿದ ಪದ್ಧತಿ ಮೇಲಲ್ಲವೇ? ಈ ಎರಡರ ನಡುವೆಯೇ ಆರಿಸಬೇಕೆಂದರೆ ನಾನೂ ಎರಡನೆಯದನ್ನೇ ಆರಿಸುತ್ತೇನೆ. ಆದರೆ ಹಾಗೆ ಆರಿಸಲೇಬೇಕಿಲ್ಲ ಎಂಬುದಕ್ಕೆ ಹತ್ತಿರದ ಗದಗಿನ ವೀರೇಶ್ವರ ಪುಣ್ಯಾಶ್ರಮ ಸಾಕ್ಷಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಜಾತಿ ಕೇಳದೆ, ದುಡ್ಡು ಕೇಳದೆ ಅನ್ನ ಹಾಕಿ ಸಂಗೀತ ಕಲಿಸಿದರು. ದೊಡ್ಡ ಮಕ್ಕಳು ಸಣ್ಣವರನ್ನು ಪಕ್ಕಕ್ಕೆ ಕೂರಿಸಿಕೊಂಡು ತಿದ್ದುವ ಆಶ್ರಮದ ಬಾಳಿನಲ್ಲಿ, ತರಗತಿಯ ಸಂಖ್ಯೆಯೂ ಕೋಣೆಯ ಕಿವಿಯೂ ಒಟ್ಟಿಗೇ ಇದ್ದವು. ಕಣ್ಣಿಲ್ಲದ ಈ ಗುರುಗಳಿಗೆ ಶಿಷ್ಯನ ಕತ್ತಿನ ನರ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು.

ಇನ್ನೊಂದು ಆಕ್ಷೇಪ ಬಯಲಿನದು. ಕೌಜಲಗಿ ನಿಂಗಮ್ಮ ರಾತ್ರಿಯಿಡೀ ಕೃಷ್ಣಪಾರಿಜಾತ ಬಯಲಾಟದಲ್ಲಿ ಹಾಡಿದಳು, ಖಾನಾಪುರದ ಹಳ್ಳಿಗಳಲ್ಲಿ ಭಜನಿ ಮಂಡಳದವರು ತಾಳ ಹಿಡಿದು ಬೆಳಗಿನ ಕಾಕಡಾರತಿಯವರೆಗೆ ಏರುದನಿಯಲ್ಲಿ ಹಾಡುತ್ತಾರೆ, ಅವರಿಗೆ ಯಾವ ಮಾಸ್ತರು ಪಟ್ಟಿ ಹಚ್ಚಿಕೊಟ್ಟ? ಮಾತು ಚೆನ್ನಾಗಿದೆ, ಆದರೆ ಬಯಲಿನ ಹಾಡಿನ ರಚನೆಯನ್ನು ಹತ್ತಿರದಿಂದ ನೋಡಿ. ಪಾರಿಜಾತದಲ್ಲಿ ಮುಖ್ಯಪಾತ್ರ ಒಂದು ನುಡಿ ಎತ್ತಿದರೆ ಹಿಮ್ಮೇಳ ಅದನ್ನು ಹಿಡಿದುಕೊಂಡು ಹೋಗುತ್ತದೆ. ಅಷ್ಟು ಹೊತ್ತು ಪಾತ್ರದ ಗಂಟಲಿಗೆ ಬಿಡುವು. ಭಜನೆಯಲ್ಲಿ ಒಬ್ಬ ಹೇಳುತ್ತಾನೆ, ಹತ್ತು ಜನ ತಿರುಗಿ ಹೇಳುತ್ತಾರೆ, ನಡುವೆ ಹೇಳುವವನೂ ಬದಲಾಗುತ್ತಾನೆ. ಅನಗೋಳದ ಹರಿಮಂದಿರದಲ್ಲಿ, ಹುಬ್ಬಳ್ಳಿಯ ಸಿದ್ಧಾರೂಢರ ಶಿಷ್ಯೆ ಕಲಾವತಿ ಆಯಿಯವರು ಬೆಳೆಸಿದ ಭಜನೆಯೂ ಕೂಡಿ ಹಾಡುವಂಥದ್ದೇ. ಅಲ್ಲಿ ದನಿ ಮುಟ್ಟದವನು ಆ ಒಂದು ಸ್ವರ ಬಿಟ್ಟುಬಿಟ್ಟರೂ ಹಾಡು ನಿಲ್ಲುವುದಿಲ್ಲ. ಕೂಡಿ ಹಾಡುವುದೇ ಗಂಟಲಿನ ವಿಮೆ. ಈ ವಿಮೆ ಇಲ್ಲದಿರುವುದು ತರಗತಿಯಿಂದ ನೇರ ಸ್ಪರ್ಧೆಯ ವೇದಿಕೆಗೆ, ಒಂಟಿಯಾಗಿ, ಟ್ರ್ಯಾಕಿನ ಪಟ್ಟಿಯಲ್ಲಿ ಹಾಡಲು ಹತ್ತುವ ಮಗುವಿಗೆ.

ಪಶ್ಚಿಮದ ವಿದ್ಯೆಯ ಮಾತೂ ಉಳಿದಿದೆ. ಜೀವಂತ ಮನುಷ್ಯನ ಧ್ವನಿತಂತು ಹಾಡುವಾಗ ಹೇಗೆ ಅಲುಗುತ್ತದೆ ಎಂದು ಕಂಡು ಜಗತ್ತಿಗೆ ಹೇಳಿದವನು ವೈದ್ಯನಲ್ಲ, ಹಾಡಿನ ಮಾಸ್ತರು. ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲೊಳಗೆ ಇಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಬಿಟ್ಟು ನೋಡಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ಬರೆದು ಒಪ್ಪಿಸಿದ. ಇಂದು ಕಿವಿ, ಮೂಗು, ಗಂಟಲಿನ ಡಾಕ್ಟರು ನಮ್ಮ ಬಾಯಲ್ಲಿ ಹಿಡಿಯುವ ಕನ್ನಡಿಯ ಹಿರಿಯಜ್ಜ ಅದು. ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಕಲಿಸುವ ಕಸುಬಿನಿಂದಲೇ ಆ ಶೋಧ ಹುಟ್ಟಿತು, ಗುಂಪಿನ ತರಗತಿಯಿಂದಲ್ಲ ಎಂಬುದು ಗಮನಿಸಬೇಕಾದ ಸಂಗತಿ. ನಮ್ಮ ಕಡೆ ಈ ಎರಡು ದಾರಿಗಳನ್ನು ಕೂಡಿಸಲು ಯತ್ನಿಸಿದವರು ಕುಮಾರರ ಗುರು ದೇವಧರರೇ. ಮೀರಜಿನಲ್ಲಿ ಹುಟ್ಟಿ, ಪಲುಸ್ಕರರಲ್ಲಿ ಕಲಿತು, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ ಅವರು ಧ್ವನಿಸಾಧನೆಯನ್ನೇ ಒಂದು ಶಾಸ್ತ್ರವೆಂದು ಹಿಡಿದು ಆಲೋಚಿಸಿದರು. ಪಶ್ಚಿಮದ ಉಸಿರಾಟದ ಪಾಠ, ಬಾಯಿ ಮುಚ್ಚಿ ಗುಂಯ್‌ಗುಡುವ ಅಭ್ಯಾಸ, ನೀರು, ವಿಶ್ರಾಂತಿ ಇವನ್ನೆಲ್ಲ ಇಂದಿನ ಮಾಸ್ತರರು ತೆಗೆದುಕೊಂಡರೆ ಯಾವ ಘರಾಣೆಗೂ ಕಳಂಕವಿಲ್ಲ. ತೆಗೆದುಕೊಳ್ಳಬಾರದ್ದು ಒಂದಿದೆ: ಎಲ್ಲ ಕಂಠವನ್ನೂ ಒಂದೇ ಬಗೆಯ ದುಂಡಗಿನ ನಾದಕ್ಕೆ ತರಬೇಕೆಂಬ ಹಟ. ಅದು ತರಗತಿಯ ಕರಿ ಮನೆಯೇ, ವೇಷ ಬೇರೆ.

ಇಂದಿನ ಮಹಡಿಯ ಟ್ಯೂಷನ್ನು ಹಳೆಯ ಕೋಣೆಯೂ ಅಲ್ಲ, ತರಗತಿಯೂ ಅಲ್ಲ. ವಾರಕ್ಕೆರಡು ದಿನ, ಮುಕ್ಕಾಲು ಗಂಟೆ, ಒಮ್ಮೆಗೆ ಒಬ್ಬರು ಅಥವಾ ನಾಲ್ವರು. ಎಂಟು ವರ್ಷದ ಕರಾರಿಗೆ ಯಾವ ತಂದೆತಾಯಿಯೂ ಸಹಿ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಹಳೆಯ ತಾಲೀಮಿನಿಂದ ಉಳಿಸಿಕೊಳ್ಳಬೇಕಾದದ್ದು ಅದರ ಉದ್ದವಲ್ಲ, ಮೊದಲ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಹುಡುಗಿ ಅಂದು ಮಾತಾಡುವ ದನಿಯನ್ನು ಕೇಳಿ, ನೆಗಡಿಯೋ, ನಿನ್ನೆ ಶಾಲೆಯ ಗ್ಯಾದರಿಂಗಿನಲ್ಲಿ ಕೂಗಾಡಿದ್ದಾಳೋ ತಿಳಿದು, ಮಂದ್ರ ಪಂಚಮ ಸಲೀಸಾಗಿ ಮುಟ್ಟುತ್ತದೆಯೇ, ತಾರ ಗಾಂಧಾರಕ್ಕೆ ಗದ್ದ ಏಳುತ್ತದೆಯೇ ನೋಡಿ, ಬೇಕಾದರೆ ಅರ್ಧ ಮನೆ ಇಳಿಸಬೇಕು. ಹಳೆಯ ಮೀರಜ್ ತಂಬೂರಿಯಲ್ಲಿ ಇದಕ್ಕೆ ತಂತಿ ಬಿಗಿದು ಸಡಿಲಿಸುವ ಶ್ರಮವಿತ್ತು. ಈಗ ಮೇಜಿನ ಮೇಲಿನ ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಒಂದು ಗುಂಡಿ, ಫೋನಿನಲ್ಲಾದರೆ ಬೆರಳಿನ ಒಂದು ಎಳೆತ. ಐದು ಗಂಟೆಯ ಹುಡುಗ ಎದ್ದು ಹೋಗಿರುತ್ತಾನೆ, ಪೆಟ್ಟಿಗೆ ಅವನ ಪಟ್ಟಿಯಲ್ಲೇ ಮಿಡಿಯುತ್ತಿರುತ್ತದೆ. ಆರು ಗಂಟೆಯ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಾಳೆ.